ರಾಜೀನಾಮೆ ಕೊಟ್ಟದ್ದೋ, ಕೊಡಿಸಿದ್ದೋ? ಅಧ್ಯಕ್ಷರ ಕುರ್ಚಿ ಮತ್ತು ಪಟ್ಟಾಳ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರದ ಊರು. ಇಲ್ಲಿನ ಗ್ರಂಥಾಲಯದಲ್ಲಿ ಸಂಜೆ ಪತ್ರಿಕೆ ಓದಲು ಸೇರುವ ನಾಲ್ಕೈದು ಮಂದಿಯ ನಡುವೆ ಒಂದು ವಾದ ಎದ್ದಿದೆ. 2012ರಲ್ಲಿ ಮಾಲ್ದೀವ್ಸ್ ಅಧ್ಯಕ್ಷ ನಶೀದ್ ತಮ್ಮ ಕೈಯಾರೆ ರಾಜೀನಾಮೆ ಬರೆದರು, ಉಪಾಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿದರು. ಅದು ಸೇನಾ ಕ್ಷಿಪ್ರಕ್ರಾಂತಿ ಹೇಗಾಗುತ್ತದೆ ಎಂಬುದು ನನ್ನ ವಾದ. ಅಲ್ಲಿನ ರಾಜಧಾನಿ ಮಾಲೆಯ ಶಾಲೆಯೊಂದರಲ್ಲಿ ಕಲಿಸಿ ಬಂದ ಮಾಸ್ಟ್ರೊಬ್ಬರು ಅದು ಖಂಡಿತ 'ಪಟ್ಟಾಳ ಅಟ್ಟಿಮರಿ'ಯೇ (ಮಲಯಾಳದಲ್ಲಿ ಪಟ್ಟಾಳ ಎಂದರೆ ಸೇನೆ) ಅನ್ನುತ್ತಾರೆ. ಸೋತವರು ಎಲ್ಲರಿಗೂ ಚಾ, ಗೋಳಿಬಜೆ ಕೊಡಿಸಬೇಕು. ಇಂಥ ಸುದ್ದಿ ಬಂದಾಗ ಏನನ್ನು ನೋಡಿ ತೀರ್ಮಾನಿಸಬೇಕು? ನಮ್ಮ ರಾಷ್ಟ್ರಪತಿ ಸ್ಥಾನದ ವಿಷಯದಲ್ಲಿ ಹೀಗಾಗಬಹುದೇ?

ಉತ್ತರ: ನಿಮ್ಮ ವಾದದ ಅರ್ಧ ತೊಡಕು ಪದದ್ದು. ಕನ್ನಡ ಪತ್ರಿಕೆಗಳು 'ಕ್ಷಿಪ್ರಕ್ರಾಂತಿ' ಎಂದು ಬರೆಯುತ್ತವೆ. ಆ ಪದ ಕೇಳಿದರೆ ಬೆಳಗಾಗುವುದರೊಳಗೆ ಟ್ಯಾಂಕುಗಳು ಬಂದು ಎಲ್ಲವನ್ನೂ ಬದಲಿಸಿಬಿಟ್ಟ ಚಿತ್ರ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಅದು ಎಷ್ಟೋ ಸಲ ಕ್ಷಿಪ್ರವೂ ಅಲ್ಲ, ಕ್ರಾಂತಿಯಂತೂ ಅಲ್ಲ. ಮಲಯಾಳದ 'ಅಟ್ಟಿಮರಿ'ಯೇ ವಾಸಿ. ಜೋಡಿಸಿಟ್ಟದ್ದನ್ನು ಬುಡಮೇಲು ಮಾಡುವುದು ಎಂಬ ಅರ್ಥ ಅದರಲ್ಲಿದೆ. ಸಂವಿಧಾನ ಅಧಿಕಾರದ ಸರದಿಯನ್ನು ಜೋಡಿಸಿಟ್ಟಿರುತ್ತದೆ. ಆ ಜೋಡಣೆಯನ್ನು ಬಂದೂಕು ಇರುವವರು ಕದಲಿಸಿದರೇ ಎಂಬುದು ಪ್ರಶ್ನೆ. ಗುಂಡು ಹಾರಿತೇ, ರಕ್ತ ಹರಿಯಿತೇ ಎಂಬುದು ಬೇರೆ ವಿಷಯ.

ಕಾಗದ ಸರಿಯಾಗಿದೆ ಎಂಬ ನಿಮ್ಮ ಮಾತಿಗೆ ಉತ್ತರ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಇದೆ. ಒಂದು ಆಧಾರಕ್ಕೆ, ಎಂದರೆ ಆಸ್ತಿಯ ನೋಂದಣಿ ಪತ್ರಕ್ಕೆ, ಸಹಿ, ಸಾಕ್ಷಿ, ಮುದ್ರೆ ಎಲ್ಲವೂ ಇರಬಹುದು. ಆದರೂ ಸಹಿ ಹಾಕಿದವನನ್ನು ಬೆದರಿಸಿ ಹಾಕಿಸಿದ್ದು ಎಂದು ತೋರಿಸಿದರೆ ಕೋರ್ಟು ಅದನ್ನು ರದ್ದು ಮಾಡುತ್ತದೆ. ಅಧ್ಯಕ್ಷರ ರಾಜೀನಾಮೆಯೂ ಇಂಥದೇ ಪತ್ರ. ವ್ಯತ್ಯಾಸ ಇಷ್ಟೆ: ಆಧಾರದ ವಿಷಯದಲ್ಲಿ ಮೋಸಹೋದವನು ಮರುದಿನ ಮುನ್ಸಿಫ್ ಕೋರ್ಟಿಗೆ ಹೋಗಬಹುದು. ಅಧ್ಯಕ್ಷನ ವಿಷಯದಲ್ಲಿ ಮರುದಿನ ಕೋರ್ಟಿನ ಬಾಗಿಲಲ್ಲೂ ಅದೇ ಸೈನಿಕರು ನಿಂತಿರುತ್ತಾರೆ.

ಮೊದಲು ನೋಡಬೇಕಾದ್ದು ಸರದಿ ಯಾರದಿತ್ತು ಎಂಬುದನ್ನು. ಹಿಂದೆ ಅಳಿಯಕಟ್ಟಿನ (ಹಕ್ಕು ಸೋದರಳಿಯನಿಗೆ ಹೋಗುವ) ಮನೆಗಳಲ್ಲಿ ಯಜಮಾನ ತೀರಿಹೋದರೆ ಯಜಮಾನಿಕೆ ಯಾರಿಗೆ ಹೋಗಬೇಕೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಆ ಹಿರಿಯನನ್ನು ಗೇಟಿನ ಹೊರಗೆ ನಿಲ್ಲಿಸಿ ಇನ್ನೊಬ್ಬ ಬೀಗದ ಕೈ ಗೊಂಚಲು ಹಿಡಿದರೆ ವಿವರಣೆ ಬೇಕಾಗುತ್ತಿರಲಿಲ್ಲ. ದೇಶಗಳಲ್ಲೂ ಹಾಗೆಯೇ. ಅಧ್ಯಕ್ಷ ಸ್ಥಾನ ತೆರವಾಗುವುದು ಸಾಮಾನ್ಯವಾಗಿ ಸಾವು, ರಾಜೀನಾಮೆ, ಅಸಾಮರ್ಥ್ಯ, ಮಹಾಭಿಯೋಗ ಎಂಬ ನಾಲ್ಕು ಬಾಗಿಲುಗಳಿಂದ. ಪ್ರತಿ ಬಾಗಿಲಿನಾಚೆ ಯಾರು ಬರಬೇಕೆಂದು ಸಂವಿಧಾನದಲ್ಲಿ ಹೆಸರಿಸಿರುತ್ತದೆ: ಉಪಾಧ್ಯಕ್ಷ, ಇಲ್ಲವೇ ಸ್ಪೀಕರ್, ಇಲ್ಲವೇ ಮುಖ್ಯ ನ್ಯಾಯಮೂರ್ತಿ. ಸುದ್ದಿ ಬಂದ ಕೂಡಲೇ ಆ ವಿಧಿ ಹುಡುಕಿ ಓದಿ. ಹತ್ತು ನಿಮಿಷದ ಕೆಲಸ. ಟಿವಿಯ ಮುಂದೆ ಎರಡು ಗಂಟೆ ಕೂತರೂ ಅಷ್ಟು ತಿಳಿಯುವುದಿಲ್ಲ.

ಪಾಕಿಸ್ತಾನದ 1969 ಇದಕ್ಕೆ ಅತಿ ಸ್ಪಷ್ಟ ಉದಾಹರಣೆ. ಅಯೂಬ್ ಖಾನ್ 1962ರಲ್ಲಿ ತಾವೇ ತಂದ ಸಂವಿಧಾನದ ಪ್ರಕಾರ ಅಧ್ಯಕ್ಷ ರಾಜೀನಾಮೆ ಕೊಟ್ಟರೆ ರಾಷ್ಟ್ರೀಯ ಅಸೆಂಬ್ಲಿಯ ಸ್ಪೀಕರ್ ಹಂಗಾಮಿ ಅಧ್ಯಕ್ಷರಾಗಬೇಕಿತ್ತು. ಆಗ ಸ್ಪೀಕರ್ ಆಗಿದ್ದವರು ಪೂರ್ವ ಪಾಕಿಸ್ತಾನದ ಅಬ್ದುಲ್ ಜಬ್ಬಾರ್ ಖಾನ್. ಮಾರ್ಚ್ 25ರಂದು ಅಯೂಬ್ ಇಳಿದರು, ಆದರೆ ಅಧಿಕಾರ ಕೊಟ್ಟದ್ದು ಸೇನಾ ಮುಖ್ಯಸ್ಥ ಯಾಹ್ಯಾ ಖಾನ್ ಕೈಗೆ. ಇಳಿಯುವುದು ಅಧ್ಯಕ್ಷರ ಹಕ್ಕು. ತನಗೆ ಬೇಕಾದವರಿಗೆ ಕೊಟ್ಟು ಇಳಿಯುವುದು ಯಾವ ಅಧ್ಯಕ್ಷರ ಹಕ್ಕೂ ಅಲ್ಲ, ಏಕೆಂದರೆ ಕುರ್ಚಿ ಅವರ ಸ್ವಂತ ಆಸ್ತಿಯಲ್ಲ. ಈಜಿಪ್ಟ್‌ನಲ್ಲಿ 2011ರ ಫೆಬ್ರವರಿ 11ರಂದು ಆದದ್ದೂ ಇದೇ. ಅಲ್ಲಿನ ಸಂವಿಧಾನದ ಪ್ರಕಾರ ಸ್ಪೀಕರ್ ಬರಬೇಕಿತ್ತು, ಸಂಸತ್ತು ವಿಸರ್ಜನೆಯಾಗಿದ್ದರೆ ಸಂವಿಧಾನ ನ್ಯಾಯಾಲಯದ ಮುಖ್ಯಸ್ಥರು. ಅಧ್ಯಕ್ಷ ಮುಬಾರಕ್ ಹೋದ ಮೇಲೆ ಬಂದದ್ದು ಸೇನಾ ಮಂಡಳಿ. ಚೌಕದಲ್ಲಿ ಜನ ಕುಣಿಯುತ್ತಿದ್ದುದರಿಂದ ಆ ದಿನ ಈ ಪ್ರಶ್ನೆ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಜನ ಸಂತೋಷಪಟ್ಟರು ಎಂಬುದರಿಂದ ಸರದಿ ತಪ್ಪಿದ್ದು ಸರಿಯಾಗುವುದಿಲ್ಲ.

ಆದರೆ ಕಾಗದದ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ಪಶ್ಚಿಮ ಆಫ್ರಿಕದ ಟೋಗೊ ದೇಶದ 2005ನ್ನು ದಿನ ದಿನವಾಗಿ ಓದಬೇಕು. ಫೆಬ್ರವರಿ 5ರಂದು ಅಧ್ಯಕ್ಷ ಎಯಾಡೆಮಾ ತೀರಿಕೊಂಡರು. ಸ್ಪೀಕರ್ ನಾಚಾಬಾ ಹಂಗಾಮಿ ಅಧ್ಯಕ್ಷರಾಗಿ 60 ದಿನದೊಳಗೆ ಚುನಾವಣೆ ನಡೆಸಬೇಕಿತ್ತು. ಅವರು ವಿದೇಶದಲ್ಲಿದ್ದರು. ಸೇನೆ ಗಡಿ ಮುಚ್ಚಿತು, ಅವರ ವಿಮಾನ ಪಕ್ಕದ ಬೆನಿನ್‌ಗೆ ಹೋಗಿ ಇಳಿಯಿತು. "ಸ್ಪೀಕರ್ ದೇಶದಲ್ಲಿಲ್ಲ, ಸ್ಥಾನ ಖಾಲಿ ಬಿಡುವಂತಿಲ್ಲ" ಎಂಬ ಕಾರಣ ಮುಂದಿಟ್ಟು ಸೇನೆ ಸತ್ತ ಅಧ್ಯಕ್ಷರ ಮಗ ಫೋರ್ ನ್ಯಾಸಿಂಗ್ಬೆ ಅವರನ್ನು ಅಧ್ಯಕ್ಷ ಎಂದು ಸಾರಿತು. ಸ್ಪೀಕರ್ ಬರದ ಹಾಗೆ ಬಾಗಿಲು ಹಾಕಿದವರೇ ಅವರು ಬರಲಿಲ್ಲವೆಂದು ದೂರುವುದನ್ನು ಗಮನಿಸಿ. ಮರುದಿನ ಸಂಸತ್ತು ಸೇರಿ ನಾಚಾಬಾರನ್ನು ತೆಗೆದು ಫೋರ್ ಅವರನ್ನೇ ಸ್ಪೀಕರ್ ಮಾಡಿತು. ಅಂದರೆ ಕುರ್ಚಿಯಲ್ಲಿ ಕೂತ ಮೇಲೆ ಅದಕ್ಕೆ ಹತ್ತುವ ಮೆಟ್ಟಿಲು ಕಟ್ಟಿದರು. ಅದೇ ಬೈಠಕಿನಲ್ಲಿ 60 ದಿನದ ನಿಯಮವನ್ನೂ ತಿದ್ದಿ, ತಂದೆಯ ಉಳಿದ ಅವಧಿ, ಎಂದರೆ 2008ರ ವರೆಗೆ, ಮಗ ಮುಂದುವರಿಯಬಹುದು ಎಂದರು. ಹಂಗಾಮಿ ಅವಧಿಯಲ್ಲಿ ಸಂವಿಧಾನ ತಿದ್ದಬಾರದು ಎಂದು ಅದೇ ಸಂವಿಧಾನದಲ್ಲಿ ಬರೆದಿತ್ತು.

ಎರಡು ದಿನ ಬಿಟ್ಟು ಬಂದು ದಾಖಲೆ ನೋಡಿದವರಿಗೆ ಎಲ್ಲವೂ ಕ್ರಮಬದ್ಧ: ಸ್ಪೀಕರ್ ಅಧ್ಯಕ್ಷನಾಗಿದ್ದಾನೆ, ಸಂಸತ್ತು ಒಪ್ಪಿದೆ. ತಾರೀಕುಗಳ ಅನುಕ್ರಮ ನೋಡಿದವರಿಗೆ ಮಾತ್ರ ಹಿಂದುಮುಂದಾದದ್ದು ಕಾಣುತ್ತದೆ. ಆಫ್ರಿಕನ್ ಒಕ್ಕೂಟ ಇದನ್ನು ಸೇನಾ ದಂಗೆ ಎಂದೇ ಕರೆಯಿತು. ಪಶ್ಚಿಮ ಆಫ್ರಿಕದ ದೇಶಗಳ ಕೂಟ ಇಕೊವಾಸ್ ದಿಗ್ಬಂಧನ ಹೇರಿತು. ಫೆಬ್ರವರಿ 25ಕ್ಕೆ ಫೋರ್ ಇಳಿಯಬೇಕಾಯಿತು. ಆದರೆ ಹಂಗಾಮಿಯಾಗಿ ಬಂದದ್ದು ನಾಚಾಬಾ ಅಲ್ಲ, ಅಬಾಸ್ ಬೊನ್ಫೊ ಎಂಬ ಇನ್ನೊಬ್ಬರು. ಏಪ್ರಿಲ್ 24ರ ಚುನಾವಣೆಯಲ್ಲಿ ಫೋರ್ ಗೆದ್ದು ಮತ್ತೆ ಬಂದರು. ಒತ್ತಡ ಹೇರಿದ ದೇಶಗಳು ವಿಧಾನವನ್ನು ಸರಿಪಡಿಸಿದವು, ಫಲ ಅದೇ ಉಳಿಯಿತು. ಇಂಥ ಪ್ರಕರಣಗಳಲ್ಲಿ ಹೊರಗಿನವರ ಕೈಯಿಂದಾಗುವುದು ಹೆಚ್ಚಾಗಿ ಇಷ್ಟೇ.

2021ರ ಏಪ್ರಿಲ್ 20ರಂದು ಚಾಡ್‌ನಲ್ಲಿ ಇದರ ಮರುಪ್ರದರ್ಶನ ನಡೆಯಿತು. ಅಧ್ಯಕ್ಷ ಇದ್ರಿಸ್ ಡೆಬಿ ಸತ್ತರೆಂದು ಪ್ರಕಟಿಸಿದ ದಿನವೇ 37 ವರ್ಷದ ಮಗ, ಜನರಲ್ ಮಹಮತ್ ಡೆಬಿ, ಸೇನಾ ಮಂಡಳಿಯ ಮುಖ್ಯಸ್ಥರಾದರು. ಸ್ಪೀಕರ್ ತಾವಾಗಿಯೇ ಬೇಡವೆಂದರು ಎಂದು ಹೇಳಲಾಯಿತು. ಒಬ್ಬ ಬೇಡವೆಂದರೆ ಸರದಿ ಸೇನೆಗೆ ಹೋಗುತ್ತದೆ ಎಂದು ಯಾವ ಸಂವಿಧಾನದಲ್ಲೂ ಇಲ್ಲ. ಈ ಸಲ ಆಫ್ರಿಕನ್ ಒಕ್ಕೂಟ ಚಾಡನ್ನು ಅಮಾನತು ಮಾಡಲಿಲ್ಲ. ಒಂದೇ ತಪ್ಪಿಗೆ ಎರಡು ತಕ್ಕಡಿ. ಆದ್ದರಿಂದ 'ಯಾವ ದೇಶ ಮಾನ್ಯ ಮಾಡಿತು' ಎಂಬುದನ್ನು ಪುರಾವೆಯಾಗಿ ಇಟ್ಟುಕೊಳ್ಳಬೇಡಿ.

ಇನ್ನೊಂದು ಕೈಚಳಕವಿದೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅಧ್ಯಕ್ಷ ಹೋಗುವಾಗ ತನ್ನ ಜೊತೆ ಸಂಸತ್ತನ್ನೂ ವಿಸರ್ಜಿಸಿ ಹೋಗುವುದು. ಸಂಸತ್ತೇ ಇಲ್ಲವೆಂದರೆ ಸ್ಪೀಕರ್ ಇಲ್ಲ, ಸ್ಪೀಕರ್ ಇಲ್ಲವೆಂದರೆ ಉತ್ತರಾಧಿಕಾರಿ ಇಲ್ಲ. ಆಗ 'ನಿರ್ವಾತ ತುಂಬಲು' ಸೇನೆ ಬರುತ್ತದೆ. 1992ರ ಜನವರಿಯಲ್ಲಿ ಅಲ್ಜೀರಿಯದ ಅಧ್ಯಕ್ಷ ಶಾದ್ಲಿ ಬೆನ್‌ಜೆದಿದ್ 11ರಂದು ರಾಜೀನಾಮೆ ಕೊಟ್ಟರು, ಸಂಸತ್ತು 4ರಂದೇ ವಿಸರ್ಜನೆಯಾಗಿತ್ತು ಎಂದು ಆಮೇಲೆ ತಿಳಿಯಿತು. 2020ರ ಆಗಸ್ಟ್ 18ರಂದು ಮಾಲಿ ದೇಶದ ಅಧ್ಯಕ್ಷ ಕೇಯ್ಟಾ ಅವರನ್ನು ಸೈನಿಕರು ಕಾಟಿ ಶಿಬಿರಕ್ಕೆ ಒಯ್ದರು. ನಡುರಾತ್ರಿ ಟಿವಿಯಲ್ಲಿ ಕಾಣಿಸಿಕೊಂಡ ಅವರು ರಾಜೀನಾಮೆಯ ಜೊತೆಗೇ ಸರಕಾರ ಮತ್ತು ಸಂಸತ್ತು ಎರಡನ್ನೂ ವಿಸರ್ಜಿಸಿದರು. ತಾನು ಬಾವಿಯಿಂದ ಹತ್ತಿ ಬಂದು ಏಣಿಯನ್ನೂ ಮೇಲಕ್ಕೆಳೆದುಕೊಂಡ ಹಾಗೆ. ಸ್ವಂತ ಇಚ್ಛೆಯಿಂದ ಹೋಗುವ ಅಧ್ಯಕ್ಷನಿಗೆ ಸಂಸತ್ತನ್ನು ಮುಳುಗಿಸುವ ದರ್ದು ಏನಿರುತ್ತದೆ?

ಈಗ ಕಷ್ಟದ ಪ್ರಕರಣ, ಅಂದರೆ ನಿಮ್ಮದು. ಸರದಿಯಲ್ಲಿದ್ದವರೇ ಬಂದು ಕೂತಿದ್ದಾರೆ. ಹಾಗಿದ್ದಾಗ ನೋಡಬೇಕಾದ್ದು ಬಾಗಿಲು ತಾನಾಗಿ ತೆರೆಯಿತೇ, ಒದ್ದು ತೆರೆದರೇ ಎಂಬುದನ್ನು. ಪತ್ರ ಬರೆಯುವ ಹೊತ್ತಿಗೆ ಬರೆದವರು ಎಲ್ಲಿದ್ದರು, ಅದಕ್ಕೆ ಮುಂಚಿನ ಹನ್ನೆರಡು ಗಂಟೆ ಯಾರ ವಶದಲ್ಲಿದ್ದರು, ಗಡುವು ಕೊಟ್ಟವರು ಯಾರು, ಆ ಗಡುವು ಕೊಡಲು ಅವರಿಗಿದ್ದ ಹುದ್ದೆ ಯಾವುದು, ಟಿವಿ ಕೇಂದ್ರ ಯಾರ ಕೈಯಲ್ಲಿತ್ತು, ಬಿಡುಗಡೆಯಾದ ಮೇಲೆ ಅವರ ಮೊದಲ ಮಾತು ಏನು, ಮುಂದಿನ ವಾರ ಯಾರಿಗೆ ಯಾವ ಹುದ್ದೆ ಸಿಕ್ಕಿತು.

ಮಾಲೆಗೆ ಇವನ್ನು ಹಾಕಿ ನೋಡಿ. 2012ರ ಜನವರಿ 16ರಂದು ನಶೀದ್ ಸರಕಾರ ಕ್ರಿಮಿನಲ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಅಬ್ದುಲ್ಲಾ ಮೊಹಮದ್ ಅವರನ್ನು ಸೇನೆಯಿಂದ ಬಂಧಿಸಿತ್ತು. ಇದನ್ನು ಮಾಸ್ಟ್ರು ಮರೆಯಬಾರದು. ಸೇನೆಯನ್ನು ನ್ಯಾಯಾಂಗದ ಮೇಲೆ ಮೊದಲು ಬಿಟ್ಟದ್ದು ನಶೀದರೇ. ಮೂರು ವಾರ ಪ್ರತಿಭಟನೆ ನಡೆಯಿತು. ಫೆಬ್ರವರಿ 6ರ ರಾತ್ರಿ ಗಲಭೆ ನಿಗ್ರಹದ ಪೊಲೀಸರು ಆದೇಶ ಧಿಕ್ಕರಿಸಿ ಪ್ರತಿಭಟನಕಾರರ ಜೊತೆ ಸೇರಿದರು. ಬೆಳಗ್ಗೆ ಸರಕಾರಿ ಟಿವಿ ಕೇಂದ್ರ ಕೈತಪ್ಪಿತು. ನಶೀದ್ ಆಗ ಸೇನೆಯ ಕೇಂದ್ರ ಕಚೇರಿಯೊಳಗಿದ್ದರು. ಅಲ್ಲಿಗೆ ಹೋಗಿ ಷರತ್ತಿಲ್ಲದೆ ರಾಜೀನಾಮೆ ಕೊಡಬೇಕೆಂದು ಗಡುವು ಹೇಳಿದವರು ಮೊಹಮದ್ ನಾಜಿಮ್, ನಿವೃತ್ತ ಸೇನಾಧಿಕಾರಿ. ಅವರಿಗೆ ಆ ಹೊತ್ತಿನಲ್ಲಿ ಸರಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಅಲ್ಲಿಂದ ಸೈನಿಕರ ನಡುವೆ ಅಧ್ಯಕ್ಷರ ಕಚೇರಿಗೆ ಬಂದು ನಶೀದ್ ಪತ್ರ ಬರೆದರು. ಮರುದಿನ ನಾಜಿಮ್ ರಕ್ಷಣಾ ಸಚಿವರು! ಅವರ ಜೊತೆಗಿದ್ದ ಮಾಜಿ ಪೊಲೀಸ್ ಅಧಿಕಾರಿ ಅಬ್ದುಲ್ಲಾ ರಿಯಾಜ್ ಪೊಲೀಸ್ ಕಮಿಷನರ್. ಬಂದೂಕು ತೋರಿಸಿ ಬರೆಸಿಕೊಂಡರು ಎಂದು ನಶೀದ್ ಅದೇ ದಿನ ಹೇಳಿದರು.

ನಿಮ್ಮ ಪಕ್ಷಕ್ಕೂ ದಾಖಲೆ ಇದೆ. ಸಿಂಗಾಪುರದ ನಿವೃತ್ತ ನ್ಯಾಯಾಧೀಶರೊಬ್ಬರು ಸಹ-ಅಧ್ಯಕ್ಷರಾಗಿದ್ದ ರಾಷ್ಟ್ರೀಯ ತನಿಖಾ ಆಯೋಗ 2012ರ ಆಗಸ್ಟ್ 30ರಂದು ವರದಿ ಕೊಟ್ಟು, ರಾಜೀನಾಮೆ ಸ್ವಇಚ್ಛೆಯದ್ದು, ಅಧಿಕಾರ ಹಸ್ತಾಂತರ ಕಾನೂನುಬದ್ಧ ಎಂದಿತು. ನಶೀದ್ ಸೂಚಿಸಿದ್ದ ಸದಸ್ಯ ವರದಿಯ ಮುನ್ನಾದಿನ ಹೊರನಡೆದಿದ್ದರು. ಪೊಲೀಸ್ ದೌರ್ಜನ್ಯದ ಮೇಲೆ ಕ್ರಮ ಬೇಕೆಂದು ಅದೇ ವರದಿ ಹೇಳಿದೆ. ನನ್ನ ತೀರ್ಪು ಕೇಳಿದರೆ: ಕೂತವರು ಸರಿ, ಕೂರಿಸಿದ ಬಗೆ ತಪ್ಪು. ಉಪಾಧ್ಯಕ್ಷ ವಹೀದ್ ಸರದಿಯಲ್ಲಿದ್ದವರೇ. ಆದರೆ ಹುದ್ದೆಯಿಲ್ಲದವನೊಬ್ಬ ಸೇನಾ ಕಚೇರಿಯೊಳಗೆ ನಿಂತು ಅಧ್ಯಕ್ಷನಿಗೆ ಗಡುವು ಕೊಟ್ಟಾಗ ಸಾವಿರಾರು ಸೈನಿಕರಲ್ಲಿ ಅವನನ್ನು ಹಿಡಿದು ಹೊರಹಾಕುವವರು ಇರಲಿಲ್ಲವೆಂದರೆ, ಆ ಸೇನೆ ತಟಸ್ಥವಾಗಿತ್ತು ಎನ್ನಲು ಬರುವುದಿಲ್ಲ. ಗೋಳಿಬಜೆಯ ದುಡ್ಡಿನಲ್ಲಿ ಮುಕ್ಕಾಲು ನೀವು ಹಾಕಿ, ನ್ಯಾಯಾಧೀಶರ ಬಂಧನದ ಲೆಕ್ಕಕ್ಕೆ ಕಾಲು ಪಾಲು ಮಾಸ್ಟ್ರು ಹಾಕಲಿ.

ಜಿಂಬಾಬ್ವೆಯ 2017ರಲ್ಲಿ ಇಷ್ಟು ಮುಸುಕೂ ಇರಲಿಲ್ಲ. ನವೆಂಬರ್ 15ರ ನಸುಕಿನಲ್ಲಿ ಮೇಜರ್ ಜನರಲ್ ಸಿಬುಸಿಸೊ ಮೋಯೊ ಸರಕಾರಿ ಟಿವಿಯಲ್ಲಿ ಬಂದು ಇದು ಸೇನೆಯ ಅಧಿಕಾರಗ್ರಹಣವಲ್ಲ, ಅಧ್ಯಕ್ಷರ ಸುತ್ತಲಿನ ಅಪರಾಧಿಗಳ ಮೇಲಿನ ಕಾರ್ಯಾಚರಣೆ ಎಂದರು. ಸಮವಸ್ತ್ರದವರು ಟಿವಿಯಲ್ಲಿ ಕೂತು 'ಇದು ದಂಗೆಯಲ್ಲ' ಎಂದು ಹೇಳಬೇಕಾಗಿ ಬಂದರೆ ಅದು ದಂಗೆಯೇ ಎಂದು ತಿಳಿಯಲು ಅಡ್ಡಿಯಿಲ್ಲ. ಅಲ್ಲಿನ ಸಂವಿಧಾನದ 213ನೇ ಸೆಕ್ಷನ್ ಪ್ರಕಾರ ಸೇನೆಯನ್ನು ಬೀದಿಗಿಳಿಸುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ. ಅಧ್ಯಕ್ಷ ಮುಗಾಬೆ ಮನೆಯೊಳಗೆ ಬಂಧಿ. ನವೆಂಬರ್ 21ರಂದು ಸಂಸತ್ತಿನಲ್ಲಿ ಮಹಾಭಿಯೋಗದ ಚರ್ಚೆ ಶುರುವಾದಾಗ ಸ್ಪೀಕರ್ ಮುದೆಂಡಾ ಮುಗಾಬೆಯ ರಾಜೀನಾಮೆ ಓದಿ ಹೇಳಿದರು. ಎರಡು ವಾರದ ಹಿಂದಷ್ಟೇ ಉಪಾಧ್ಯಕ್ಷ ಸ್ಥಾನದಿಂದ ವಜಾಗೊಂಡಿದ್ದ ಮ್ನಂಗಾಗ್ವಾ 24ರಂದು ಅಧ್ಯಕ್ಷರಾದರು. ಸೇನಾ ಕ್ರಮ ಸಂವಿಧಾನಬದ್ಧವಾಗಿತ್ತು ಎಂದು ಹೈಕೋರ್ಟು ಅದೇ ದಿನ ಆದೇಶ ಕೊಟ್ಟಿತು. ಸೇನಾ ಮುಖ್ಯಸ್ಥ ಚಿವೆಂಗಾ ಡಿಸೆಂಬರಿನಲ್ಲಿ ಉಪಾಧ್ಯಕ್ಷ.

ಜನರಲ್‌ಗಳಿಗೆ ಈ ಒಂದು ಹಾಳೆ ಕಾಗದ ಅಷ್ಟು ಬೇಕಾಗುವುದೇಕೆ? ಬಂದೂಕಿನಿಂದ ಅರಮನೆ ಸಿಗುತ್ತದೆ, ಕೇಂದ್ರ ಬ್ಯಾಂಕಿನ ವಿದೇಶಿ ಖಾತೆಯ ಸಹಿ ಸಿಗುವುದಿಲ್ಲ. ಚುನಾಯಿತ ಸರಕಾರವನ್ನು ಸೇನೆ ಉರುಳಿಸಿದರೆ ನೆರವು ನಿಲ್ಲಿಸಬೇಕೆಂದು ಅಮೆರಿಕದ ಕಾನೂನಿದೆ. ಸಂವಿಧಾನ ಮೀರಿದ ಅಧಿಕಾರ ಬದಲಾವಣೆಯನ್ನು ಒಪ್ಪಬಾರದೆಂಬ 2000ದ ಲೋಮೆ ಘೋಷಣೆಯ ನಂತರ ಆಫ್ರಿಕನ್ ದೇಶಗಳಿಗೆ ಒಕ್ಕೂಟದ ಸದಸ್ಯತ್ವ ಅಮಾನತಿನ ಭಯವಿದೆ. 2023ರ ಜುಲೈ 26ರಂದು ನೈಜರ್‌ನ ಅಧ್ಯಕ್ಷ ಬಜೂಮ್ ಅವರನ್ನು ಅವರದೇ ಅಂಗರಕ್ಷಕ ದಳ ಬಂಧಿಸಿತು, ಆದರೆ ಅವರು ರಾಜೀನಾಮೆಗೆ ಸಹಿ ಹಾಕಲಿಲ್ಲ. ನಾಲ್ಕೇ ದಿನದಲ್ಲಿ ಇಕೊವಾಸ್ ಪ್ರಾದೇಶಿಕ ಕೇಂದ್ರ ಬ್ಯಾಂಕಿನಲ್ಲಿದ್ದ ನೈಜರ್‌ನ ಹಣ ತಡೆಹಿಡಿಯಿತು, ಆಮೇಲೆ ನೈಜೀರಿಯ ವಿದ್ಯುತ್ ಕಡಿತ ಮಾಡಿತು. ಮುಗಾಬೆಯ ಸಹಿ ಇದ್ದ ಜಿಂಬಾಬ್ವೆಗೆ ಅಂಥದ್ದೇನೂ ಆಗಲಿಲ್ಲ. ಸಹಿಯೊಂದೇ ಕಾರಣವಲ್ಲ, ಮಾಲಿಯ ಅಧ್ಯಕ್ಷರ ಸಹಿ ಇದ್ದೂ ಆ ದೇಶದ ಮೇಲೆ ನಿರ್ಬಂಧ ಬಂತು. ಆದರೂ ಸಹಿ ಸಿಕ್ಕರೆ ಅನುಮಾನದ ಲಾಭ ಸಿಗುತ್ತದೆ.

ಸಹಿ ಸಿಗದಿದ್ದರೆ ಇನ್ನೊಂದು ಬಾಗಿಲು, ಅನಾರೋಗ್ಯ. 1987ರ ನವೆಂಬರ್ 7ರಂದು ಟ್ಯುನಿಸಿಯದ ಪ್ರಧಾನಿ ಬೆನ್ ಅಲಿ, ಸೇನೆಯಿಂದ ಬಂದ ಜನರಲ್, ಏಳು ವೈದ್ಯರ ಸಹಿಯ ಪ್ರಮಾಣಪತ್ರ ಹಿಡಿದು ಅಧ್ಯಕ್ಷ ಬುರ್ಗಿಬಾ ಅಧಿಕಾರ ನಡೆಸಲು ಅಶಕ್ತರೆಂದು ಸಾರಿದರು. ವಯಸ್ಸು ಎಂಬತ್ತು ದಾಟಿದ ಬುರ್ಗಿಬಾರ ಆರೋಗ್ಯ ಕೆಟ್ಟಿದ್ದೂ ಹೌದು, ಅದಕ್ಕೇ ಈ ಉಪಾಯ ನಡೆಯಿತು. ಮ್ಯಾನ್ಮಾರ್‌ನಲ್ಲಿ ನಡೆಯಲಿಲ್ಲ. 2021ರ ಫೆಬ್ರವರಿ 1ರ ನಸುಕಿನಲ್ಲಿ ಬಂದ ಇಬ್ಬರು ಹಿರಿಯ ಅಧಿಕಾರಿಗಳು ಆರೋಗ್ಯ ಸರಿಯಿಲ್ಲವೆಂದು ರಾಜೀನಾಮೆ ಕೊಡಲು ಹೇಳಿದರು, ನನ್ನ ಆರೋಗ್ಯ ಚೆನ್ನಾಗಿದೆ ಎಂದು ನಿರಾಕರಿಸಿದೆ ಎಂದು ಅಧ್ಯಕ್ಷ ವಿನ್ ಮ್ಯಿಂಟ್ ಆಮೇಲೆ ಕೋರ್ಟಿನಲ್ಲಿ ಹೇಳಿದ್ದನ್ನು ಅವರ ವಕೀಲರು ಹೊರಗೆ ತಂದರು. ಆ ಒಂದು ನಿರಾಕರಣೆಯಿಂದ ಇಡೀ ಕಟ್ಟಡದ ಬಿರುಕು ಕಂಡಿತು. ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಿ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ವಹಿಸಲು 417 ಮತ್ತು 418ನೇ ವಿಧಿಗಳಿವೆ, ಆದರೆ ಘೋಷಿಸಬೇಕಾದವರು ಅಧ್ಯಕ್ಷರು. ಆದ್ದರಿಂದ ಅಧ್ಯಕ್ಷರನ್ನು ಬಂಧಿಸಿ, ಸೇನೆಯೇ ಆರಿಸಿದ್ದ ಉಪಾಧ್ಯಕ್ಷ ಮ್ಯಿಂಟ್ ಸ್ವೆ, ಮಾಜಿ ಜನರಲ್, ಅವರನ್ನು ಹಂಗಾಮಿ ಅಧ್ಯಕ್ಷ ಮಾಡಿ, ಅವರ ಸಹಿಯಿಂದ ಘೋಷಿಸಿದರು. ಸ್ಥಾನ ಖಾಲಿಯಾಗದೆ ಹಂಗಾಮಿ ಎಲ್ಲಿಂದ? ವಿಧಿ ಸರಿ, ಸಹಿ ಸರಿ, ಮೊದಲ ಹೆಜ್ಜೆಯೇ ಇಲ್ಲ.

ನಮ್ಮ ನೆರೆಹೊರೆಯ ಸೇನಾಧಿಪತಿಗಳಲ್ಲಿ ಕುರ್ಚಿಯನ್ನು ಕೂಡಲೇ ಹಿಡಿಯದೆ ಸಹಿ ಹಾಕುವ ಅಧ್ಯಕ್ಷರೊಬ್ಬರನ್ನು ಇಟ್ಟುಕೊಳ್ಳುವ ರೂಢಿಯೂ ಇತ್ತು. ಜಿಯಾ ಉಲ್ ಹಕ್ 1977ರ ಜುಲೈಯಲ್ಲಿ ಅಧಿಕಾರ ಹಿಡಿದು, ಅಧ್ಯಕ್ಷ ಫಜಲ್ ಇಲಾಹಿ ಚೌಧರಿಯವರನ್ನು 1978ರ ಸೆಪ್ಟೆಂಬರ್ ತನಕ ಹಾಗೆಯೇ ಬಿಟ್ಟರು. ಮುಷರಫ್ 1999ರ ಅಕ್ಟೋಬರಿನಿಂದ 20 ತಿಂಗಳು ರಫೀಕ್ ತರಾರ್ ಅವರನ್ನು ಮುಟ್ಟಲಿಲ್ಲ. ಬಾಂಗ್ಲಾದಲ್ಲಿ ಎರ್ಷಾದ್ 1982ರ ಮಾರ್ಚ್ 24ರಂದು ದಂಗೆ ನಡೆಸಿ, ಮೂರು ದಿನದಲ್ಲಿ ಅಹ್ಸಾನುದ್ದೀನ್ ಚೌಧರಿ ಎಂಬ ನಿವೃತ್ತ ನ್ಯಾಯಮೂರ್ತಿಯನ್ನು ಕೂರಿಸಿ, 1983ರ ಡಿಸೆಂಬರಿನಲ್ಲಿ ಅವರನ್ನೆಬ್ಬಿಸಿ ತಾವು ಕೂತರು. ದಂಗೆಯ ತಾರೀಕು ಮತ್ತು ಅಧ್ಯಕ್ಷನಾದ ತಾರೀಕು ಬೇರೆ ಬೇರೆ ಇರುವುದು ಹೀಗೆ. ಅದೇ ಬಾಂಗ್ಲಾದ 1975 ಇನ್ನೂ ಕರಾಳ. ಆಗಸ್ಟ್ 15ರಂದು ಅಧ್ಯಕ್ಷ ಮುಜೀಬರ ಹತ್ಯೆಯಾದಾಗ ಉಪಾಧ್ಯಕ್ಷ ಸೈಯದ್ ನಜರುಲ್ ಇಸ್ಲಾಂ ಬದುಕಿದ್ದರು, ಸರದಿ ಅವರದ್ದು. ಹಂತಕ ಅಧಿಕಾರಿಗಳು ಕೂರಿಸಿದ್ದು ವಾಣಿಜ್ಯ ಸಚಿವ ಖೊಂದಕರ್ ಮುಷ್ತಾಕ್ ಅವರನ್ನು. ನಜರುಲ್ ಇಸ್ಲಾಂ ಜೈಲು ಸೇರಿದರು, ನವೆಂಬರ್ 3ರಂದು ಢಾಕಾ ಜೈಲಿನೊಳಗೇ ಇನ್ನೂ ಮೂವರು ನಾಯಕರೊಂದಿಗೆ ಅವರನ್ನು ಕೊಂದರು.

ಕೋರ್ಟುಗಳು ಏನು ಮಾಡುತ್ತವೆ ಎಂದು ನೀವು ಕೇಳಿಲ್ಲ, ಆದರೆ ಆಧಾರದ ಮಾತು ಎತ್ತಿದ ಮೇಲೆ ಹೇಳಬೇಕು. 1958ರ ಅಕ್ಟೋಬರ್ 7ರಂದು ಪಾಕಿಸ್ತಾನದ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿ ಅಯೂಬರನ್ನು ಸೇನಾ ಆಡಳಿತಗಾರರನ್ನಾಗಿ ಮಾಡಿದರು. ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟು ದೋಸೊ ಪ್ರಕರಣದಲ್ಲಿ, ಯಶಸ್ವಿಯಾದ ಕ್ರಾಂತಿ ತಾನೇ ಕಾನೂನಿನ ಮೂಲ ಎಂದಿತು. ಅದೇ ರಾತ್ರಿ ಅಯೂಬ್ ಮಿರ್ಜಾರನ್ನೇ ಇಳಿಸಿ ಲಂಡನ್ನಿಗೆ ಅಟ್ಟಿದರು. ಗೆದ್ದದ್ದೇ ಕಾನೂನು ಎಂದ ಮೇಲೆ ಇನ್ನೇನಿದೆ? ಯಾಹ್ಯಾ ಖಾನ್ ಅಧಿಕಾರವನ್ನು ಅಕ್ರಮವಾಗಿ ಕಸಿದುಕೊಂಡವರು ಎಂದು ಅದೇ ಸುಪ್ರೀಂ ಕೋರ್ಟು ಅಸ್ಮಾ ಜಿಲಾನಿ ಪ್ರಕರಣದಲ್ಲಿ ಹೇಳಿ ದೋಸೊ ತೀರ್ಪನ್ನು ತಳ್ಳಿಹಾಕಿದ್ದು 1972ರ ಏಪ್ರಿಲಿನಲ್ಲಿ. ಯಾಹ್ಯಾ ಇಳಿದದ್ದು 1971ರ ಡಿಸೆಂಬರಿನಲ್ಲಿ. 2000ದ ಜನವರಿಯಲ್ಲಿ ಮುಷರಫ್ ನ್ಯಾಯಾಧೀಶರಿಗೆ ಹೊಸ ಪ್ರಮಾಣವಚನ ಕಡ್ಡಾಯ ಮಾಡಿದಾಗ ಮುಖ್ಯ ನ್ಯಾಯಮೂರ್ತಿ ಸಯೀದುಜ್ಜಮಾನ್ ಸಿದ್ದೀಕಿ ಒಪ್ಪದೆ ಮನೆಗೆ ಹೋದರು. ಉಳಿದವರು ಮೇ ತಿಂಗಳಲ್ಲಿ ಮುಷರಫ್‌ಗೆ ಮೂರು ವರ್ಷದ ಅವಕಾಶವನ್ನೂ ಸಂವಿಧಾನ ತಿದ್ದುವ ಅಧಿಕಾರವನ್ನೂ ಕೊಟ್ಟರು. ಬಾಂಗ್ಲಾದಲ್ಲಿ 1975ರ ನಂತರದ ಸೇನಾ ಆಡಳಿತವನ್ನು ಸಕ್ರಮಗೊಳಿಸಿದ ಐದನೇ ತಿದ್ದುಪಡಿ ಅಸಿಂಧು ಎಂದು ಅಂತಿಮವಾಗಿ ತೀರ್ಮಾನವಾದದ್ದು 2010ರಲ್ಲಿ. ನಮ್ಮಲ್ಲಿ ಆಧಾರ ರದ್ದತಿಯ ದಾವೆಗೆ 3 ವರ್ಷದ ಅವಧಿ, ಅಲ್ಲಿ ತಗಲಿದ್ದು 35. ಪಾಕಿಸ್ತಾನ 2010ರ ಹದಿನೆಂಟನೇ ತಿದ್ದುಪಡಿಯಲ್ಲಿ, ಇಂಥ ದ್ರೋಹವನ್ನು ಯಾವ ಕೋರ್ಟೂ ಸಕ್ರಮಗೊಳಿಸಬಾರದು ಎಂದೇ ಬರೆದುಕೊಂಡಿತು.

ಇನ್ನು ಭಾರತದ ಪ್ರಶ್ನೆ. ನಮ್ಮ ಸೇನಾಪಡೆಗಳ ಪರಮೋಚ್ಚ ಅಧಿಪತ್ಯ 53ನೇ ವಿಧಿಯ ಪ್ರಕಾರ ರಾಷ್ಟ್ರಪತಿಯವರದು, ಆದರೆ ಅದರ ಬಳಕೆ ಸಂಸತ್ತು ಮಾಡಿದ ಕಾನೂನಿಗೆ ಒಳಪಟ್ಟದ್ದು, ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಹಾಗಾಗಿ ರಾಷ್ಟ್ರಪತಿ ಭವನವೊಂದನ್ನು ಹಿಡಿದರೆ ಆಡಳಿತ ಕೈಗೆ ಬರುವುದಿಲ್ಲ. ಅಯೂಬರ ಪಾಕಿಸ್ತಾನದಲ್ಲಿ, 1975ರ ಬಾಂಗ್ಲಾದಲ್ಲಿ ಎಲ್ಲ ಅಧಿಕಾರವೂ ಒಂದೇ ಕುರ್ಚಿಯಲ್ಲಿತ್ತು. ಘಟ್ಟದಾಚೆ ಕೊಡಗಿನ ಕಾರ್ಯಪ್ಪನವರು 1949ರಲ್ಲಿ ವಹಿಸಿಕೊಂಡ ಹುದ್ದೆಯ ಹೆಸರು ಕಮಾಂಡರ್-ಇನ್-ಚೀಫ್. 1955ರಲ್ಲಿ ಆ ಹೆಸರನ್ನೇ ತೆಗೆದು ಮೂರೂ ಪಡೆಗಳಿಗೆ ಸಮಾನವಾಗಿ ಒಬ್ಬೊಬ್ಬ 'ಚೀಫ್ ಆಫ್ ಸ್ಟಾಫ್' ಮಾಡಿದರು. 2020ರಲ್ಲಿ ಬಂದ ಚೀಫ್ ಆಫ್ ಡಿಫೆನ್ಸ್ ಸ್ಟಾಫ್‌ಗೂ ಮೂರು ಮುಖ್ಯಸ್ಥರ ಮೇಲೆ ಯುದ್ಧಾಜ್ಞೆಯ ಅಧಿಕಾರವಿಲ್ಲ. ಕೇಂದ್ರ ಮೀಸಲು ಪೊಲೀಸ್, ಗಡಿ ಭದ್ರತಾ ಪಡೆ ಗೃಹ ಸಚಿವಾಲಯದ ಕೈಕೆಳಗೆ, ರಾಜ್ಯ ಪೊಲೀಸ್ ರಾಜ್ಯಗಳ ಕೈಕೆಳಗೆ. ಎಲ್ಲ ಬಂದೂಕುಗಳ ಕೀಲಿಕೈ ಒಬ್ಬನ ಜೇಬಿನಲ್ಲಿಲ್ಲ.

ಸರದಿಯ ಪಟ್ಟಿಯಲ್ಲಿ ಮಾತ್ರ ನಮ್ಮಲ್ಲೂ ಒಂದು ತೂತು ಇತ್ತು. 65ನೇ ವಿಧಿಯಂತೆ ರಾಷ್ಟ್ರಪತಿ ಇಲ್ಲವಾದರೆ ಉಪರಾಷ್ಟ್ರಪತಿ. ಇಬ್ಬರೂ ಇಲ್ಲದಿದ್ದರೆ? 70ನೇ ವಿಧಿ ಅದನ್ನು ಸಂಸತ್ತಿಗೆ ಬಿಟ್ಟಿತ್ತು, ಸಂಸತ್ತು ಹತ್ತೊಂಬತ್ತು ವರ್ಷ ಆ ಗೋಜಿಗೆ ಹೋಗಲಿಲ್ಲ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು, ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿಯಾದರು. ಗಿರಿಯವರೇ ಚುನಾವಣೆಗೆ ನಿಲ್ಲುವಂತೆ ಕಂಡಾಗ, ಅದೇ ಮೇ ತಿಂಗಳಲ್ಲಿ ಸಂಸತ್ತು ಕಾನೂನು ಮಾಡಿ ಮೂರನೆಯ ಸರದಿ ಭಾರತದ ಮುಖ್ಯ ನ್ಯಾಯಮೂರ್ತಿಗಳದ್ದು, ಅವರೂ ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ಅತಿ ಹಿರಿಯ ನ್ಯಾಯಮೂರ್ತಿಗಳದ್ದು ಎಂದು ಬರೆಯಿತು. ಜುಲೈ 20ರಂದು ಗಿರಿ ಎರಡೂ ಸ್ಥಾನ ಬಿಟ್ಟರು. ಪಾಕಿಸ್ತಾನದಲ್ಲಿ ಸ್ಪೀಕರನ್ನು ದಾಟಿಸಿ ಸೇನಾ ಮುಖ್ಯಸ್ಥ ಅಧ್ಯಕ್ಷನಾಗಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ದಿಲ್ಲಿಯಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಬಂದು 35 ದಿನ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು. ಆಗಸ್ಟ್ 24ರಂದು ಗೆದ್ದು ಬಂದ ಗಿರಿಯವರಿಗೆ ಸ್ಥಾನ ಬಿಟ್ಟುಕೊಟ್ಟು, ಮತ್ತೆ ಸುಪ್ರೀಂ ಕೋರ್ಟಿನ ತಮ್ಮ ಪೀಠಕ್ಕೆ ಹೋದರು.